ಬೆನ್ನುಹುರಿಗೆ ಪೆಟ್ಟಾದ ರೇಸರ್ ತಮ್ಮನಿಗೆ ಹ್ಯಾಂಡ್‌ಬೈಕ್ ಬೇಕಂತೆ, ಕೊಡಿಸಬಹುದೇ?

ಪ್ರಶ್ನೆ: ಡಾಕ್ಟ್ರೇ, ನಮ್ಮೂರು ಸಕಲೇಶಪುರದ ಹತ್ತಿರ. ನನ್ನ ತಮ್ಮನಿಗೆ 27 ವರ್ಷ. ಕಾಲೇಜಿಗೆ ಹೋಗುವಾಗಿನಿಂದ ಡರ್ಟ್ ಬೈಕ್ ರೇಸ್ ಎಂದರೆ ಅವನಿಗೆ ಪ್ರಾಣ. ಹದಿನಾಲ್ಕು ತಿಂಗಳ ಹಿಂದೆ ರೇಸಿನಲ್ಲಿ ಜಂಪ್ ಇಳಿಯುವಾಗ ಬಿದ್ದ, ಹಿಂದೆ ಬಂದ ಬೈಕ್ ಬೆನ್ನಿನ ಮೇಲೆ ಹಾದುಹೋಯಿತು. ಬೆನ್ನೆಲುಬಿನಲ್ಲಿ ಟಿ10, ಅಂದರೆ ಎದೆಭಾಗದ ಹತ್ತನೇ ಮೂಳೆ ಮುರಿದು ಬೆನ್ನುಹುರಿಗೆ ಪೂರ್ತಿ ಪೆಟ್ಟಾಗಿದೆ, ‘ಎ’ ಗ್ರೇಡ್ ಎಂದು ಬರೆದಿದ್ದಾರೆ. ಆಪರೇಷನ್ ಮಾಡಿ ರಾಡು, ಸ್ಕ್ರೂ ಹಾಕಿದ್ದಾರೆ. ಹೊಕ್ಕುಳಿನಿಂದ ಕೆಳಗೆ ಏನೂ ಗೊತ್ತಾಗುವುದಿಲ್ಲ. ನಡುವೆ ಕುಂಡಿಯ ಹತ್ತಿರ ಬೆಡ್‌ಸೋರ್ ಆಗಿ ಮೂರು ತಿಂಗಳು ಮಲಗಿಬಿಟ್ಟ, ಈಗ ಮಾಗಿದೆ. ಫಿಸಿಯೋಥೆರಪಿ ಬೇಡ ಅಂತಾನೆ. ರಾತ್ರಿ ಎಷ್ಟೋ ಹೊತ್ತಿನವರೆಗೆ ತನ್ನ ಅಪಘಾತದ ವಿಡಿಯೊವನ್ನೇ ನೋಡುತ್ತಿರುತ್ತಾನೆ. ಹೋದ ತಿಂಗಳು ಪೋಲೆಂಡಿನ ರಾಫಾವ್ ವಿಲ್ಕ್ ಎಂಬ ಬೈಕ್ ರೇಸರ್ ಬಗ್ಗೆ ತಿಳಿದುಕೊಂಡ. ಆವತ್ತಿನಿಂದ ಕೈಯಿಂದ ಪೆಡಲ್ ತಿರುಗಿಸಿ ಓಡಿಸುವ ಹ್ಯಾಂಡ್‌ಬೈಕ್ ಬೇಕು ಎಂದು ಒಂದೇ ಹಟ. ವಿದೇಶದಿಂದ ತರಿಸಲು ಸಾಲ ಮಾಡುತ್ತಾನಂತೆ. ಅಮ್ಮ ‘ಚಕ್ರದ ಸಹವಾಸ ಇನ್ನು ಸಾಕಪ್ಪಾ’ ಎಂದು ಅಳುತ್ತಾರೆ. ಚಿಕ್ಕಪ್ಪ ‘ಅದೇ ದುಡ್ಡಿಗೆ ಸ್ಟೆಮ್ ಸೆಲ್ ಮಾಡಿಸೋಣ, ನಡೆಯೋ ಹಾಗಾಗಲಿ, ಸೈಕಲ್ ಆಮೇಲೆ’ ಅಂತಾರೆ. ಕೈಯಿಂದ ಸೈಕಲ್ ತುಳಿದರೆ ರಾಡು ಸಡಿಲವಾಗುತ್ತದೆಯೇ? ನಡೆಯುವ ಅವಕಾಶ ತಪ್ಪಿಹೋಗುತ್ತದೆಯೇ? ಅಥವಾ ಇದೂ ರೇಸಿನ ಹುಚ್ಚೇನಾ? ನಾನು ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಮ್ಮನಿಗೆ ಮಗ ಇನ್ನೊಮ್ಮೆ ಬೀಳುತ್ತಾನೆಂಬ ಭಯ. ಚಿಕ್ಕಪ್ಪನಿಗೆ ನಡೆಯುವ ಕಾಲ ಕೈತಪ್ಪುತ್ತದೆಂಬ ಭಯ. ನಿಮಗೆ ತಮ್ಮನ ಆಸೆಗೆ ಹೂಂ ಅಂದರೂ ಕಷ್ಟ, ಊಹೂಂ ಅಂದರೂ ಕಷ್ಟ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಹ್ಯಾಂಡ್‌ಬೈಕ್ ಓಡಿಸಬಹುದು, ಆದರೆ ಈಗಲೇ ಸಾಲ ಮಾಡಿ ಕೊಳ್ಳಬೇಡಿ. ಬೆನ್ನಿನ ರಾಡಿಗಿಂತ ನನಗೆ ಚಿಂತೆ ಹುಟ್ಟಿಸಿದ್ದು ನೀವು ಅರ್ಧ ಸಾಲಿನಲ್ಲಿ ಮುಗಿಸಿದ ಎರಡು ಸಂಗತಿಗಳು. ಒಂದು ಆ ಬೆಡ್‌ಸೋರ್. ಇನ್ನೊಂದು ರಾತ್ರಿ ನೋಡುವ ವಿಡಿಯೊ.

ನಿಮ್ಮ ತಮ್ಮ ಕಂಡುಕೊಂಡ ಮನುಷ್ಯನಿಂದಲೇ ಶುರುಮಾಡುತ್ತೇನೆ. ರಾಫಾವ್ ವಿಲ್ಕ್ ಸ್ಪೀಡ್‌ವೇ ರೇಸರ್. ಸ್ಪೀಡ್‌ವೇ ನಮ್ಮಲ್ಲಿ ಇಲ್ಲ, ಪೋಲೆಂಡಿನಲ್ಲಾದರೆ ಅದಕ್ಕೆ ಕ್ರೀಡಾಂಗಣಗಳು ತುಂಬುತ್ತವೆ. ಮಣ್ಣಿನ ಅಂಡಾಕಾರದ ಟ್ರ್ಯಾಕ್, ನಾಲ್ಕು ಜನ, ನಾಲ್ಕು ಸುತ್ತು. 500 ಸಿಸಿಯ ಬೈಕು ಮೆಥನಾಲ್‌ನಲ್ಲಿ ಓಡುತ್ತದೆ. ಅದಕ್ಕೆ ಒಂದೇ ಗೇರು, ಬ್ರೇಕ್ ಇಲ್ಲವೇ ಇಲ್ಲ. ತಿರುವಿನಲ್ಲಿ ಹಿಂದಿನ ಚಕ್ರವನ್ನು ಜಾರಿಸಿಕೊಂಡೇ ಹೋಗಬೇಕು. 2006ರ ಮೇ ತಿಂಗಳಲ್ಲಿ ಕ್ರೋಸ್ನೊ ಎಂಬ ಊರಿನ ಪಂದ್ಯದಲ್ಲಿ ವಿಲ್ಕ್ ಬಿದ್ದರು, ಬೆನ್ನುಹುರಿಗೆ ಪೆಟ್ಟಾಯಿತು, ಕಾಲುಗಳ ಶಕ್ತಿ ಹೋಯಿತು. ಆಗ ಅವರಿಗೆ 31 ವರ್ಷ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಅದೇ ವಿಲ್ಕ್ ಹ್ಯಾಂಡ್‌ಬೈಕ್‌ನಲ್ಲಿ ಎರಡು ಚಿನ್ನ ಗೆದ್ದರು, ಒಬ್ಬೊಬ್ಬರಾಗಿ ಗಡಿಯಾರದ ವಿರುದ್ಧ ಓಡಿಸುವ ಟೈಮ್ ಟ್ರಯಲ್‌ನಲ್ಲಿ ಒಂದು, ರೋಡ್ ರೇಸ್‌ನಲ್ಲಿ ಒಂದು. 2016ರಲ್ಲಿ ರಿಯೊದಲ್ಲಿ ಟೈಮ್ ಟ್ರಯಲ್ ಚಿನ್ನ ಮತ್ತೆ ಅವರದೇ.

ನಿಮ್ಮ ತಮ್ಮನಿಗೆ ಕಾಣುತ್ತಿರುವುದು ಆ ಚಿನ್ನ. ನಿಮಗೆ ನಾನು ತೋರಿಸಬೇಕೆಂದಿರುವುದು 2006ಕ್ಕೂ 2012ಕ್ಕೂ ನಡುವಿನ ಆರು ವರ್ಷ. ಅವನಿಗೆ ಪೆಟ್ಟಾಗಿ ಇನ್ನೂ ಹದಿನಾಲ್ಕು ತಿಂಗಳು, ಅದರಲ್ಲೂ ಮೂರು ತಿಂಗಳು ಗಾಯದಿಂದಾಗಿ ಹಾಸಿಗೆಯಲ್ಲೇ ಕಳೆದಿದ್ದಾನೆ. ತಡವಾಗಿದೆ ಎಂದು ಗಾಬರಿಯಾಗುವ ಅಗತ್ಯ ಯಾರಿಗೂ ಇಲ್ಲ, ಅವನಿಗಂತೂ ಇಲ್ಲ.

ಈಗ ಚಿಕ್ಕಪ್ಪನ ಮಾತು. ಇದನ್ನು ಹೇಳುವುದು ನನಗೆ ಪ್ರತಿಸಲವೂ ಕಷ್ಟ, ಆದರೆ ಮರೆಮಾಚಿದರೆ ನಿಮ್ಮ ದುಡ್ಡೂ ಹೋಗುತ್ತದೆ, ವರ್ಷವೂ ಹೋಗುತ್ತದೆ. ‘ಎ’ ಗ್ರೇಡ್ ಎಂದರೆ ಪೆಟ್ಟಾದ ಜಾಗದ ಕೆಳಗೆ, ಗುದದ್ವಾರದ ಸುತ್ತಲೂ ಸೇರಿ, ಸ್ಪರ್ಶವೂ ಇಲ್ಲ, ಸ್ನಾಯುವಿನ ಚಲನೆಯೂ ಇಲ್ಲ ಎಂದರ್ಥ. ಬೆನ್ನುಹುರಿ ಚೇತರಿಸಿಕೊಳ್ಳುವುದಿದ್ದರೆ ಅದರ ಹೆಚ್ಚಿನ ಭಾಗ ಮೊದಲ ಆರೇಳು ತಿಂಗಳಲ್ಲೇ ಕಾಣಿಸುತ್ತದೆ. ಹದಿನಾಲ್ಕು ತಿಂಗಳಾದರೂ ‘ಎ’ ಆಗಿಯೇ ಉಳಿದವರು ಮುಂದೆ ಎದ್ದು ನಡೆಯುವುದು ತೀರಾ ಅಪರೂಪ. ಕಾಲು ತಾನಾಗಿ ಜಿಗಿಯುವುದನ್ನು, ಮಂಡಿ ಸೆಟೆಯುವುದನ್ನು ಕಂಡು ‘ಶಕ್ತಿ ಬರುತ್ತಿದೆ’ ಎಂದು ಮನೆಯವರು ಕಣ್ಣೀರು ಹಾಕುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದು ಮೆದುಳಿನ ಅಂಕೆ ತಪ್ಪಿದ ಬೆನ್ನುಹುರಿಯ ಸೆಳೆತ. ಮರಳಿ ಬರುವ ಶಕ್ತಿಯ ಗುರುತು ಅದಲ್ಲ. ಅಂಥ ಸೆಳೆತ ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಮೂತ್ರದ ಸೋಂಕೋ ಒತ್ತಿದ ಗಾಯವೋ ಮುರಿದ ಮೂಳೆಯೋ ಎಲ್ಲೋ ಇದೆ ಎಂದು ಹುಡುಕಬೇಕು.

ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಬಗೆಯ ಜೀವಕೋಶಗಳಾಗಬಲ್ಲ ಮೂಲಕೋಶಗಳ ಚಿಕಿತ್ಸೆಯ ವಿಚಾರದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತಕ್ಕೆ ಸಂಬಂಧಿಸಿದ ಕೆಲವು ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆಯ ಕಸಿಯಂಥದ್ದನ್ನು ಬಿಟ್ಟರೆ ಉಳಿದದ್ದೆಲ್ಲ ಇನ್ನೂ ಪ್ರಯೋಗದ ಹಂತದಲ್ಲಿದೆ. ಬೆನ್ನುಹುರಿಯ ಪೆಟ್ಟೂ ಅದರಲ್ಲೇ ಸೇರಿದೆ. ಪ್ರಯೋಗವೆಂದರೆ ನೋಂದಣಿಯಾಗಿರಬೇಕು, ನೈತಿಕ ಸಮಿತಿಯ ಒಪ್ಪಿಗೆ ಇರಬೇಕು, ಅದರಲ್ಲಿ ಭಾಗವಹಿಸುವ ರೋಗಿಯಿಂದ ದುಡ್ಡು ಪಡೆಯುವಂತಿಲ್ಲ. ಯಾರಾದರೂ ‘ನಾಲ್ಕು ಇಂಜೆಕ್ಷನ್, ಇಷ್ಟು ಲಕ್ಷ’ ಎಂದರೆ ಅಲ್ಲಿಂದ ಎದ್ದು ಬನ್ನಿ. ಚಿಕ್ಕಪ್ಪನಿಗೆ ಇದನ್ನು ಜಗಳವಾಡಿ ಹೇಳಬೇಡಿ. ಅವರದು ಪ್ರೀತಿಯೇ.

ಹಾಗಾದರೆ ಕೈಗಳಿಗೆ ವ್ಯಾಯಾಮ ಕೊಟ್ಟರೆ ಕಾಲಿನ ಚೇತರಿಕೆ ನಿಂತುಹೋಗುತ್ತದೆಯೇ? ಇಲ್ಲ. ದೇಹದಲ್ಲಿ ಶಕ್ತಿ ಒಂದು ಕೊಡದಷ್ಟೇ ಇದೆ, ಕೈಗೆ ಸುರಿದರೆ ಕಾಲಿಗೆ ಉಳಿಯುವುದಿಲ್ಲ ಎಂಬ ಲೆಕ್ಕ ಜನರ ಮನಸ್ಸಿನಲ್ಲಿದೆ. ಬೆನ್ನುಹುರಿ ಆ ಲೆಕ್ಕದಲ್ಲಿ ನಡೆಯುವುದಿಲ್ಲ. ಮುಂದೊಂದು ದಿನ ನಿಜವಾದ ಚಿಕಿತ್ಸೆ ಬಂದರೂ ಅದರಿಂದ ಹೆಚ್ಚು ಪ್ರಯೋಜನವಾಗುವುದು ಕೀಲು ಗಟ್ಟಿಯಾಗದ, ಗಾಯವಿಲ್ಲದ, ಉಸಿರಿನ ಶಕ್ತಿ ಉಳಿಸಿಕೊಂಡ ದೇಹಕ್ಕೇ.

ರಾಡು ಸಡಿಲವಾಗುವ ಭಯಕ್ಕೆ ಉತ್ತರ ಒಂದು ಎಕ್ಸ್‌ರೇಯಲ್ಲಿ, ಬೇಕಾದರೆ ಸಿಟಿ ಸ್ಕ್ಯಾನ್‌ನಲ್ಲಿ ಸಿಗುತ್ತದೆ. ರಾಡು-ಸ್ಕ್ರೂಗಳ ಕೆಲಸ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುವ ತನಕ ಹಿಡಿದಿಡುವುದು. ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದಲ್ಲಿ ಬೆಸುಗೆ ಆಗುತ್ತದೆ. ಆಪರೇಷನ್ ಮಾಡಿದ ವೈದ್ಯರ ಬಳಿ ಹೋಗಿ ‘ಬೆಸೆದಿದೆಯೇ, ಸ್ಕ್ರೂ ಮುರಿದಿದೆಯೇ, ಬೆನ್ನು ವಾಲಿದೆಯೇ’ ಎಂದು ಮೂರೇ ಪ್ರಶ್ನೆ ಕೇಳಿ. ಬೆಸೆದಿದ್ದರೆ ಹ್ಯಾಂಡ್‌ಬೈಕ್ ತುಳಿಯುವುದರಿಂದ ರಾಡಿಗೆ ತೊಂದರೆಯಿಲ್ಲ. ಅವನ ಮಟ್ಟದ ಪೆಟ್ಟಿಗೆ ಬಳಸುವ ಹ್ಯಾಂಡ್‌ಬೈಕ್‌ನಲ್ಲಿ ಸವಾರ ಅಂಗಾತ ಒರಗಿರುತ್ತಾನೆ, ಬೆನ್ನಿನುದ್ದಕ್ಕೂ ಆಸರೆ ಇರುತ್ತದೆ. ವೀಲ್‌ಚೇರ್‌ನಿಂದ ಮಂಚಕ್ಕೆ ದಾಟುವಾಗ ಬೀಳುವ ತಿರುಚು ಇದಕ್ಕಿಂತ ಹೆಚ್ಚು.

ನಮ್ಮ ಊರುಗಳಲ್ಲಿ ಕೈಯಿಂದ ತಿರುಗಿಸುವ ಮೂರು ಚಕ್ರದ ಗಾಡಿಯನ್ನು ನೋಡಿದ್ದೀರಲ್ಲ, ಸರ್ಕಾರದಿಂದ ಹಂಚುವುದು, ನೆಟ್ಟಗೆ ಕೂತು ಒಂದೇ ಕೈಯಲ್ಲಿ ತಿರುಗಿಸುವುದು? ಅಮ್ಮನ ಮನಸ್ಸಿನಲ್ಲಿ ಅದೇ ಚಿತ್ರ ಇರಬಹುದು. ರೇಸಿನ ಹ್ಯಾಂಡ್‌ಬೈಕ್ ಅದಲ್ಲ. ನೆಲಕ್ಕೆ ಅಂಟಿದಂತೆ ತಗ್ಗಾಗಿರುತ್ತದೆ, ಮೂರು ಚಕ್ರ, ಎರಡೂ ಕೈಪೆಡಲ್‌ಗಳು ಒಟ್ಟಿಗೆ ಒಂದೇ ದಿಕ್ಕಿನಲ್ಲಿ ಸುತ್ತುತ್ತವೆ, ಗೇರು ಬ್ರೇಕು ಎರಡೂ ಕೈಯಳತೆಯಲ್ಲೇ. ಕಾಲುಗಳನ್ನು ಕಳೆದುಕೊಂಡ ಇಟಲಿಯ ಕಾರ್ ರೇಸರ್ ಅಲೆಕ್ಸ್ ಜನಾರ್ಡಿ ಲಂಡನ್‌ನಲ್ಲಿ 16 ಕಿಲೋಮೀಟರ್ ಟೈಮ್ ಟ್ರಯಲ್ ಮುಗಿಸಿದ್ದು 24 ನಿಮಿಷ 50 ಸೆಕೆಂಡಿನಲ್ಲಿ. ಗಂಟೆಗೆ 38 ಕಿಲೋಮೀಟರಿಗಿಂತ ಹೆಚ್ಚು, ಅದೂ ಏರಿಳಿತದ ಬ್ರ್ಯಾಂಡ್ಸ್ ಹ್ಯಾಚ್ ಟ್ರ್ಯಾಕಿನಲ್ಲಿ, ಕೈಗಳಿಂದ. ಇದನ್ನು ತಮ್ಮನಿಗೆ ಹೇಳುವುದೇ ಬೇಡ, ಅವನಿಗೆ ಗೊತ್ತಿರುತ್ತದೆ. ಅಮ್ಮನಿಗೆ ಹೇಳಿ. ಮಗ ಕೇಳುತ್ತಿರುವುದು ಆಟಿಕೆಯನ್ನಲ್ಲ ಎಂಬುದು ಅವರಿಗೂ ತಿಳಿಯಬೇಕು.

ಇನ್ನು ನಿಜವಾದ ಅಪಾಯಗಳಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ರೇಸರ್ ಆದವನು ನೋವನ್ನು ಪಕ್ಕಕ್ಕಿಟ್ಟು ಓಡಿಸಲು ಕಲಿತಿರುತ್ತಾನೆ. ಬೆರಳು ಮುರಿದರೂ ಟೇಪ್ ಸುತ್ತಿಕೊಂಡು ಮುಂದಿನ ರೇಸಿಗೆ ಹೋಗುವವರು ಇವರು. ಆ ಅಭ್ಯಾಸ ಮೊದಲಿದ್ದ ದೇಹದಲ್ಲಿ ನಡೆಯಿತು, ಏಕೆಂದರೆ ದೇಹ ಕೊನೆಗಾದರೂ ಚೀರಿ ನಿಲ್ಲಿಸುತ್ತಿತ್ತು. ಈಗ ಹೊಕ್ಕುಳಿನ ಕೆಳಗೆ ಚೀರುವವರು ಯಾರೂ ಇಲ್ಲ. ಚರ್ಮ ಸಾಯುತ್ತಿದ್ದರೂ ಸುಮ್ಮನಿರುತ್ತದೆ, ಮೂಳೆ ಮುರಿದರೂ ಸುಮ್ಮನಿರುತ್ತದೆ. ನನ್ನ ಬಳಿ ಬಂದ ಒಬ್ಬ ಯುವಕ ಕಾಲು ಫುಟ್‌ರೆಸ್ಟ್‌ನಿಂದ ಜಾರಿ ರಸ್ತೆಗೆ ಉಜ್ಜುತ್ತಿದ್ದುದು ಗೊತ್ತಿಲ್ಲದೆ ಸಾಕಷ್ಟು ದೂರ ಹೋಗಿದ್ದ. ಹಿಂದೆ ಬಂದವರು ಕೂಗಿ ನಿಲ್ಲಿಸಿದಾಗ ಹಿಮ್ಮಡಿಯ ಚರ್ಮ ಇರಲಿಲ್ಲ. ಇನ್ನೊಬ್ಬರು ಬಿಸಿಲಲ್ಲಿ ಕಾದ ಲೋಹದ ಚೌಕಟ್ಟಿಗೆ ತೊಡೆ ತಗುಲಿಸಿಕೊಂಡೇ ಅರ್ಧ ಗಂಟೆ ಕೂತಿದ್ದರು. ಇಬ್ಬರೂ ದಡ್ಡರಲ್ಲ. ಮೊದಲಿನಂತೆ ‘ಏನಾದರೂ ಆದರೆ ಗೊತ್ತಾಗುತ್ತದೆ’ ಎಂದುಕೊಂಡಿದ್ದರು, ಅಷ್ಟೆ.

ಮೈ ಹೇಳದೆ ಬಿಟ್ಟದ್ದನ್ನು ಇನ್ನು ಮುಂದೆ ಕಣ್ಣು ನೋಡಬೇಕು, ಗಡಿಯಾರ ಹೇಳಬೇಕು. ರೇಸರ್‌ಗಳಿಗೆ ಇದನ್ನು ವಿವರಿಸುವ ಒಂದು ದಾರಿ ನನಗೆ ಸಿಕ್ಕಿದೆ. ‘ರೇಸಿಗೆ ಮುಂಚೆ ಬೈಕಿನ ಚೈನು, ಟೈರಿನ ಗಾಳಿ, ಒಂದೊಂದು ನಟ್ಟು ನೋಡುತ್ತಿದ್ದೆಯಲ್ಲ, ಬೈಕು ತನಗೆ ನೋವಾಗಿದೆ ಎಂದು ಹೇಳುತ್ತಿತ್ತೇ? ಈಗ ನಿನ್ನ ಮೈಯ ಕೆಳಭಾಗವನ್ನೂ ಹಾಗೇ ನೋಡು’ ಎನ್ನುತ್ತೇನೆ. ಎಷ್ಟು ಬೈದರೂ ಕೇಳದವರು ಈ ಮಾತಿಗೆ ಕಿವಿಗೊಡುವುದನ್ನು ಕಂಡಿದ್ದೇನೆ.

ಮೊದಲು ಚರ್ಮ. ಮಾಗಿದ ಬೆಡ್‌ಸೋರ್ ಮೇಲಿನ ಚರ್ಮ ಎಂದಿಗೂ ಮೊದಲಿನಷ್ಟು ಗಟ್ಟಿಯಾಗುವುದಿಲ್ಲ. ತುಂಬಾ ಚೆನ್ನಾಗಿ ಮಾಗಿದರೂ ಶೇ. 80ರಷ್ಟು ಶಕ್ತಿ ಬರುತ್ತದೆ ಅಷ್ಟೆ. ವೀಲ್‌ಚೇರ್‌ನಲ್ಲಿ ಕೂತಾಗ ಭಾರ ಕುಂಡಿಯ ಮೂಳೆಗಳ ಮೇಲೆ ಬೀಳುತ್ತದೆ. ಹ್ಯಾಂಡ್‌ಬೈಕ್‌ನಲ್ಲಿ ಒರಗಿದಾಗ ಬಾಲದ ಮೂಳೆಯ ಮೇಲ್ಭಾಗ, ಭುಜದ ಹಲಗೆ, ಹಿಮ್ಮಡಿಗೆ ಜಾಗ ಬದಲಾಗುತ್ತದೆ. ಹಳೆಯ ಗಾಯಕ್ಕೆ ವಿಶ್ರಾಂತಿ ಸಿಕ್ಕಿತು ಎಂದುಕೊಳ್ಳುವಷ್ಟರಲ್ಲಿ ಹೊಸ ಜಾಗದಲ್ಲಿ ಕೆಂಪು ಕಾಣಿಸುತ್ತದೆ. ಮೊದಲ ವಾರಗಳಲ್ಲಿ ಒಂದು ಸಲಕ್ಕೆ 15-20 ನಿಮಿಷಕ್ಕಿಂತ ಹೆಚ್ಚು ಬೇಡ. ಇಳಿದ ಮೇಲೆ ಕನ್ನಡಿಯಲ್ಲಿ, ಇಲ್ಲವೇ ಮೊಬೈಲ್ ಕ್ಯಾಮೆರಾದಲ್ಲಿ ನೋಡಬೇಕು. ಅರ್ಧ ಗಂಟೆಯಲ್ಲಿ ಕೆಂಪು ಮಾಯವಾಗದಿದ್ದರೆ ಅದು ಪೂರ್ತಿ ಹೋಗುವವರೆಗೆ ಹ್ಯಾಂಡ್‌ಬೈಕ್ ಇಲ್ಲ. ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ. ಒಂದು ಬೆಡ್‌ಸೋರ್ ತಿಂದ ಮೂರು ತಿಂಗಳು ಅವನಿಗೇ ಗೊತ್ತು.

ಮೂತ್ರಕೋಶದ ವಿಷಯ ನೀವು ಬರೆದಿಲ್ಲ. ಅಕ್ಕನಿಗೆ ಬರೆಯಲು ಸಂಕೋಚ ಸಹಜ. ಅವನು ನಾಲ್ಕೈದು ಗಂಟೆಗೊಮ್ಮೆ ತಾನೇ ಕ್ಯಾಥೆಟರ್ ಹಾಕಿ ತೆಗೆಯುತ್ತಿದ್ದಾನೆ ಎಂದುಕೊಳ್ಳುತ್ತೇನೆ. ಒಂದು ಸಲಕ್ಕೆ 500 ಎಂಎಲ್ ಮೀರಬಾರದು. ಸೈಕಲ್ ಹತ್ತುವ ದಿನ ನಡುವೆ ತೊಂದರೆ ಬೇಡವೆಂದು ನೀರು ಕುಡಿಯುವುದನ್ನೇ ಬಿಡುವುದು ಹುಡುಗರ ಸಾಮಾನ್ಯ ತಪ್ಪು. ಅದರಿಂದ ಸೋಂಕು, ಕಲ್ಲು ಎರಡೂ ಬರುತ್ತವೆ. ನೀರು ಕುಡಿಯಬೇಕು, ಹತ್ತುವ ಮುಂಚೆ ಮೂತ್ರಕೋಶ ಖಾಲಿ ಮಾಡಬೇಕು, ವೇಳೆಗೆ ತಕ್ಕಂತೆ ಇಳಿಯಬೇಕು. ಬೆನ್ನುಹುರಿಯ ಪೆಟ್ಟು ಟಿ6 ಅಥವಾ ಅದಕ್ಕಿಂತ ಮೇಲಿದ್ದವರಲ್ಲಿ ಮೂತ್ರಕೋಶ ತುಂಬಿದರೆ ರಕ್ತದೊತ್ತಡ ಒಮ್ಮೆಗೇ ಜೀವಕ್ಕೆ ಅಪಾಯವಾಗುವಷ್ಟು ಏರಬಹುದು. ನಿಮ್ಮ ತಮ್ಮನದು ಟಿ10, ಅವನಿಗೆ ಆ ಅಪಾಯ ಇಲ್ಲವೆನ್ನಬಹುದು. ಹೃದಯದ ಬಡಿತವೂ ಇತರರಂತೆ ಏರುತ್ತದೆ. ಆ ಮಟ್ಟಿಗೆ ಪುಣ್ಯವಂತ.

ಕಾಲಿನ ಮೂಳೆಗಳು ಮಾತ್ರ ಮೊದಲಿನಂತಿಲ್ಲ. ಭಾರ ಹೊರದೆ, ಸ್ನಾಯು ಎಳೆಯದೆ ಒಂದೆರಡು ವರ್ಷದಲ್ಲಿ ಮಂಡಿಯ ಸುತ್ತಲಿನ ಮೂಳೆ ತನ್ನ ಸಾಂದ್ರತೆಯಲ್ಲಿ ಮೂರನೇ ಒಂದು ಪಾಲು, ಕೆಲವರಲ್ಲಿ ಅದಕ್ಕೂ ಹೆಚ್ಚು ಕಳೆದುಕೊಳ್ಳುತ್ತದೆ. 27ರ ಹುಡುಗನಿಗೆ ಮುದುಕರ ಮೂಳೆ. ಸಣ್ಣ ಪಲ್ಟಿಯಲ್ಲೂ ಮುರಿಯಬಹುದು, ನೋವಿಲ್ಲದೆ. ಬಿದ್ದ ಮೇಲೆ ಮಂಡಿಯೋ ತೊಡೆಯೋ ಊದಿ ಬಿಸಿಯಾದರೆ, ಸೆಳೆತ ಹೆಚ್ಚಾದರೆ, ‘ನೋವಿಲ್ಲವಲ್ಲ’ ಎಂದು ಬಿಡದೆ ಎಕ್ಸ್‌ರೇ ತೆಗೆಸಿ. ಕಾಲುಗಳನ್ನು ಮೆತ್ತನೆಯ ಅಗಲ ಪಟ್ಟಿಯಿಂದ ಕಟ್ಟಬೇಕು, ಬಿಗಿಯಾದ ಹಗ್ಗದಂಥದ್ದರಿಂದ ಅಲ್ಲ.

ಭುಜಗಳ ಬಗ್ಗೆ ಒಳ್ಳೆಯ ಸುದ್ದಿಯಿದೆ. ವೀಲ್‌ಚೇರ್‌ನ ರಿಮ್ಮನ್ನು ತಳ್ಳುವಾಗ ಭುಜದ ಮೇಲೆ ಬೀಳುವ ಹೊಡೆತಕ್ಕಿಂತ ಹ್ಯಾಂಡ್‌ಬೈಕ್ ಸುತ್ತುವಾಗ ಬೀಳುವ ಹೊರೆ ಕಡಿಮೆ, ಯಾಕೆಂದರೆ ಎರಡೂ ಕೈ ಕೂಡಿ ನಿರಂತರವಾಗಿ ತಳ್ಳಿ-ಎಳೆಯುತ್ತವೆ. ಆದರೂ ಬಹಳ ವರ್ಷ ವೀಲ್‌ಚೇರ್ ಬಳಸಿದ ನನ್ನ ರೋಗಿಗಳಲ್ಲಿ ಭುಜನೋವು ಇಲ್ಲದವರು ಕಡಿಮೆ. ಇನ್ನು ನಲವತ್ತು-ಐವತ್ತು ವರ್ಷ ಅವನನ್ನು ಮಂಚಕ್ಕೆ, ಕಾರಿಗೆ, ಬಚ್ಚಲಿಗೆ ದಾಟಿಸಬೇಕಾದವು ಇವೇ ಎರಡು ಭುಜ. ಬೇಸರವೆಂದು ಅವನು ದೂರವಿಟ್ಟ ಫಿಸಿಯೋಥೆರಪಿ ಇಲ್ಲಿ ಬೇರೆ ರೂಪದಲ್ಲಿ ಒಳಗೆ ಬರಬಹುದು. ಬೆನ್ನ ಹಿಂಭಾಗದ ಸ್ನಾಯುಗಳಿಗೆ ರಬ್ಬರ್ ಬ್ಯಾಂಡ್ ಎಳೆಯುವ ವ್ಯಾಯಾಮವನ್ನು ‘ಚಿಕಿತ್ಸೆ’ ಎಂದರೆ ಮುಖ ತಿರುಗಿಸುವವನು ‘ಟ್ರೇನಿಂಗ್’ ಎಂದರೆ ದಿನಕ್ಕೆರಡು ಸಲ ಮಾಡುತ್ತಾನೆ. ಆ ಬದಲಾವಣೆಗೋಸ್ಕರವಾದರೂ ಹ್ಯಾಂಡ್‌ಬೈಕ್ ಆಸೆಯನ್ನು ಚಿವುಟಬೇಡಿ ಎನ್ನುತ್ತೇನೆ.

ಅಮ್ಮನ ಭಯ ರಸ್ತೆಯ ಭಯ. ಅದು ಸುಳ್ಳಲ್ಲ. ಅದೇ ಜನಾರ್ಡಿ, ನಾಲ್ಕು ಪ್ಯಾರಾಲಿಂಪಿಕ್ ಚಿನ್ನ ಗೆದ್ದವರು, 2020ರ ಜೂನ್‌ನಲ್ಲಿ ಇಟಲಿಯ ಟಸ್ಕನಿಯಲ್ಲಿ ಹ್ಯಾಂಡ್‌ಬೈಕ್ ಓಡಿಸುತ್ತಿದ್ದಾಗ ಲಾರಿಗೆ ಡಿಕ್ಕಿಯಾಗಿ ತಲೆಗೆ ಭೀಕರ ಪೆಟ್ಟಾಯಿತು. ಹ್ಯಾಂಡ್‌ಬೈಕ್ ಸವಾರನ ತಲೆ ಲಾರಿಯ ಚಕ್ರಕ್ಕಿಂತಲೂ ತಗ್ಗಿನಲ್ಲಿರುತ್ತದೆ, ಚಾಲಕನ ಕಣ್ಣಿಗೆ ಬೀಳುವುದೇ ಇಲ್ಲ. ನಿಮ್ಮ ಕಡೆಯ ಘಾಟಿ ರಸ್ತೆ, ಮಳೆ, ಮಂಜು, ಟಿಂಬರ್ ಲಾರಿ ನೆನೆದರೆ ನನಗೂ ಎದೆ ಝಲ್ಲೆನ್ನುತ್ತದೆ. ಜೊತೆಗೆ ನಮ್ಮ ಹಂಪ್‌ಗಳು. ನೆಲದಿಂದ ನಾಲ್ಕು ಬೆರಳಷ್ಟೇ ಎತ್ತರವಿರುವ ಗಾಡಿ ಹಳ್ಳಿಯವರು ತಾವೇ ಹಾಕಿದ ಮಣ್ಣಿನ ಹಂಪಿಗೆ ಹೊಟ್ಟೆ ತಗುಲಿಸಿಕೊಂಡು ನಿಂತುಬಿಡುತ್ತದೆ. ಹೆದ್ದಾರಿ ಬೇಡವೇ ಬೇಡ. ಕ್ರೀಡಾಂಗಣದ ಸುತ್ತಲಿನ ದಾರಿ, ಬೆಳಗಿನ ಹೊತ್ತು ಖಾಲಿ ಇರುವ ಕ್ಯಾಂಪಸ್ ರಸ್ತೆ, ಇಲ್ಲವೇ ಮನೆಯೊಳಗೆ, ನಿಂತಲ್ಲೇ ಚಕ್ರ ತಿರುಗುವ ರೋಲರ್ ಮೇಲೆ. ಹೊರಗೆ ಹೋದರೆ ಎತ್ತರದ ಕೋಲಿಗೆ ಕೆಂಪು ಬಾವುಟ, ಹಿಂದೆ ಮುಂದೆ ದೀಪ, ಕನ್ನಡಿ, ಹೆಲ್ಮೆಟ್, ಹಿಂದೆ ಒಂದು ಬೆಂಗಾವಲು ವಾಹನ. ಒಬ್ಬನೇ ಹೋಗುವಂತಿಲ್ಲ.

ಏನು ಕೊಳ್ಳುವುದು, ಯಾವಾಗ? ಅಂತಾರಾಷ್ಟ್ರೀಯ ಸ್ಪರ್ಧೆಯ ಹ್ಯಾಂಡ್‌ಬೈಕ್‌ಗೆ ಕೆಲವು ಲಕ್ಷ ಬೀಳುತ್ತದೆ, ಸವಾರನ ಅಳತೆಗೆ ಹೊಲಿದ ಅಂಗಿಯಂತೆ ಕೂರಬೇಕು. ಅವನ ಮೈ ಇನ್ನೂ ಬದಲಾಗುತ್ತಿದೆ. ಈಗಿನ ಅಳತೆಗೆ ಮಾಡಿಸಿದ್ದು ವರ್ಷದಲ್ಲಿ ಹೊಂದದಿರಬಹುದು, ಹೊಂದದ ಸೀಟು ಎಂದರೆ ಬೆಡ್‌ಸೋರ್. ಮೊದಲ ಎರಡು ತಿಂಗಳಿಗೆ ಮೇಜಿನ ಮೇಲಿಟ್ಟು ಕೈಯಿಂದ ಸುತ್ತುವ ಪೆಡಲ್ ಸಾಕು. ಫಿಸಿಯೋಥೆರಪಿ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ರೇಸರ್‌ಗೆ ಇದು ಅವಮಾನದಂತೆ ಕಾಣಬಹುದು, ಆದರೆ ಇಪ್ಪತ್ತು ನಿಮಿಷ ಸುತ್ತಿಸಿ ನೋಡಿ, ಬೈಕ್ ಓಡಿಸುತ್ತಿದ್ದ ತೋಳೇ ಬೇರೆ, ಇದಕ್ಕೆ ಬೇಕಾದ ತೋಳೇ ಬೇರೆ ಎಂದು ಅವನಿಗೇ ತಿಳಿಯುತ್ತದೆ. ಆಮೇಲೆ ವೀಲ್‌ಚೇರ್‌ಗೆ ಮುಂದೆ ಸಿಕ್ಕಿಸುವ ಕೈಪೆಡಲ್ ಘಟಕ ಒಂದು ದಾರಿ. ಐಐಟಿ ಮದ್ರಾಸ್‌ನಲ್ಲಿ ರೂಪುಗೊಂಡ ನಿಯೋಬೋಲ್ಟ್ ಬಗ್ಗೆಯೂ ಯಾರಾದರೂ ಹೇಳಬಹುದು. ಅದೂ ವೀಲ್‌ಚೇರ್‌ಗೆ ಮುಂದೆ ಸಿಕ್ಕಿಸುವಂಥದೇ, ಆದರೆ ಬ್ಯಾಟರಿಯಲ್ಲಿ ಓಡುತ್ತದೆ. ಪೇಟೆಗೆ, ತೋಟಕ್ಕೆ ತಾನೇ ಹೋಗಿ ಬರಲು ಚೆನ್ನಾಗಿದೆ, ವ್ಯಾಯಾಮ ಆಗುವುದಿಲ್ಲ. ಮೂರನೆಯದು, ಬಳಸಿದ ಹ್ಯಾಂಡ್‌ಬೈಕ್ ಎರವಲು ಪಡೆದೋ ಕೊಂಡೋ ಆರು ತಿಂಗಳು ಓಡಿಸುವುದು. ಅಷ್ಟರ ನಂತರವೂ ಹಟ ಉಳಿದಿದ್ದರೆ, ಚರ್ಮ ಸರಿಯಾಗಿದ್ದರೆ, ಆಗ ಸಾಲದ ಮಾತು.

ಸ್ಪರ್ಧೆಯ ದಾರಿಯನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಅವನು ಕೇಳಿಯೇ ಕೇಳುತ್ತಾನೆ. ಪ್ಯಾರಾ ಸೈಕ್ಲಿಂಗ್ ಜಾಗತಿಕವಾಗಿ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ (ಯುಸಿಐ) ಅಡಿಯಲ್ಲಿದೆ, ಅದರ ಸದಸ್ಯ ಸಂಸ್ಥೆ ಇಲ್ಲಿ ಸೈಕ್ಲಿಂಗ್ ಫೆಡರೇಷನ್ ಆಫ್ ಇಂಡಿಯಾ. ಹ್ಯಾಂಡ್‌ಬೈಕ್‌ನಲ್ಲಿ ಎಚ್1ರಿಂದ ಎಚ್5ರವರೆಗೆ ಐದು ವರ್ಗ. ಮೊದಲ ನಾಲ್ಕರವರು ಒರಗಿ ತುಳಿಯುತ್ತಾರೆ, ಎಚ್5ರವರು ಮಂಡಿಯೂರಿ. ಟಿ10ರ ಪೂರ್ತಿ ಪೆಟ್ಟು ಸಾಮಾನ್ಯವಾಗಿ ಎಚ್3ಕ್ಕೆ ಬರುತ್ತದೆ, ಟಿ11ರಿಂದ ಕೆಳಗಿನವರು ಎಚ್4. ಅವನು ಗಡಿಯಲ್ಲಿದ್ದಾನೆ, ತೀರ್ಮಾನ ವರ್ಗೀಕರಣ ಮಾಡುವವರದು. ವಿಲ್ಕ್ ಲಂಡನ್‌ನಲ್ಲಿ ಎಚ್3, ರಿಯೊದಲ್ಲಿ ಎಚ್4 ಎಂದು ಓದಿ ಅವನು ಗೊಂದಲಪಡಬಹುದು. ಅವರ ದೇಹ ಬದಲಾಗಿದ್ದಲ್ಲ. ಲಂಡನ್‌ನಲ್ಲಿ ನಾಲ್ಕೇ ವರ್ಗಗಳಿದ್ದವು, ಆಮೇಲೆ ಐದು ಮಾಡಿ ಸಂಖ್ಯೆ ಬದಲಿಸಿದರು. ನಮ್ಮ ದೇಶದವರು ಪ್ಯಾರಾಲಿಂಪಿಕ್ಸ್‌ನ ಸೈಕ್ಲಿಂಗ್‌ಗೆ ಮೊದಲ ಸಲ ಇಳಿದದ್ದು 2024ರ ಪ್ಯಾರಿಸ್‌ನಲ್ಲಿ: ಅರ್ಷದ್ ಶೇಖ್ ಮತ್ತು ಜ್ಯೋತಿ ಗಡೇರಿಯಾ. ಇಬ್ಬರೂ ಸಿ2 ವರ್ಗ, ಅಂದರೆ ಎರಡು ಚಕ್ರದ ಸೈಕಲ್. ಹೈದರಾಬಾದಿನ ಆದಿತ್ಯ ಮೆಹ್ತಾ, ರಸ್ತೆ ಅಪಘಾತದಲ್ಲಿ ಕಾಲು ಕಳೆದುಕೊಂಡು 2013ರ ಏಷ್ಯನ್ ಪ್ಯಾರಾ ಸೈಕ್ಲಿಂಗ್‌ನಲ್ಲಿ ಎರಡು ಬೆಳ್ಳಿ ಗೆದ್ದವರು, ತಮ್ಮ ಹೆಸರಿನ ಪ್ರತಿಷ್ಠಾನದ ಮೂಲಕ ಇಂಥವರಿಗೆ ತರಬೇತಿ ಕೊಡಿಸುತ್ತಿದ್ದಾರೆ. ಅಲ್ಲಿಗೆ ಒಂದು ಪತ್ರ ಬರೆಯಲಿ, ಅವನೇ ಬರೆಯಲಿ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್, ಇನ್ನೂ ಮಾಡಿಸಿಲ್ಲವಾದರೆ ಮೊದಲು ಅದನ್ನು ಮಾಡಿಸಿ.

ಪದಕದ ಆಸೆ ಹುಟ್ಟಿಸಬೇಡಿ, ಕೊಲ್ಲಲೂ ಬೇಡಿ. ಹ್ಯಾಂಡ್‌ಬೈಕ್ ನಮ್ಮಲ್ಲಿ ಇನ್ನೂ ಕೈಬೆರಳೆಣಿಕೆಯ ಜನರ ಕ್ರೀಡೆ. ಜೊತೆಗೆ ಓಡಿಸುವವರು ಸಿಗದೆ ಬೇಸತ್ತು ಬಿಟ್ಟವರನ್ನು ನೋಡಿದ್ದೇನೆ. ವಿಜಯಪುರ, ಬಾಗಲಕೋಟೆ ಕಡೆ ಸೈಕ್ಲಿಂಗ್‌ಗೆ ಹಳೆಯ ಪರಂಪರೆಯಿದೆ, ಅಲ್ಲಿನ ಕೋಚ್‌ಗಳಿಗೆ ತರಬೇತಿಯ ಶಾಸ್ತ್ರ ಗೊತ್ತು. ಕಾಲಿನ ಬದಲು ಕೈ ಎಂದಷ್ಟೇ ವ್ಯತ್ಯಾಸ ಮಾಡಿಕೊಂಡರೆ ಅವರಿಂದ ಕಲಿಯುವುದು ಬಹಳವಿದೆ.

ಈಗ ಆ ವಿಡಿಯೊ. ನೀವು ‘ರೇಸಿನ ಹುಚ್ಚೇನಾ’ ಎಂದು ಕೇಳಿದ್ದೀರಿ. ರೇಸಿನ ಸೆಳೆತ ಬೆನ್ನುಹುರಿಯೊಂದಿಗೆ ಮುರಿಯುವುದಿಲ್ಲ. 500 ಸಿಸಿ ಬೈಕ್ ರೇಸಿನಲ್ಲಿ ಮೂರು ಸಲ ವಿಶ್ವಚಾಂಪಿಯನ್ ಆಗಿದ್ದ ಅಮೆರಿಕದ ವೇಯ್ನ್ ರೇನಿ 1993ರಲ್ಲಿ ಇಟಲಿಯ ಮಿಸಾನೊದಲ್ಲಿ ಬಿದ್ದು ಎದೆಯ ಕೆಳಗೆ ಶಕ್ತಿ ಕಳೆದುಕೊಂಡರು. ಸುಮಾರು 29 ವರ್ಷದ ನಂತರ, 2022ರಲ್ಲಿ, ಕೈಯಿಂದಲೇ ನಿಯಂತ್ರಿಸುವಂತೆ ಮಾಡಿದ ತಮ್ಮ ಹಳೆಯ ಯಮಹಾ ಮೇಲೆ ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಮತ್ತೆ ಕೂತರು. ಅದನ್ನು ಹುಚ್ಚು ಎನ್ನಲು ನನಗೆ ಮನಸ್ಸಿಲ್ಲ. ಆದರೆ ಬಿದ್ದ ಕ್ಷಣವನ್ನು ರಾತ್ರಿಯಿಡೀ ತಿರುಗಿಸಿ ನೋಡುವುದು ರೇಸಿನ ಪ್ರೀತಿಗಿಂತ ಬೇರೆ. ಎಲ್ಲಿ ತಪ್ಪಿದೆ, ಯಾವ ಕ್ಷಣದಲ್ಲಿ ತಪ್ಪಿಸಿಕೊಳ್ಳಬಹುದಿತ್ತು ಎಂದು ಅವನು ಹುಡುಕುತ್ತಿರಬಹುದು. ಅಪಘಾತದ ಆಘಾತ ಮನಸ್ಸಿನಲ್ಲಿ ಇನ್ನೂ ನಡೆಯುತ್ತಿರುವ ಲಕ್ಷಣವೂ ಇರಬಹುದು. ನಿದ್ದೆ ಹೇಗಿದೆ, ಊಟ ಸೇರುತ್ತದೆಯೇ, ‘ನಾನು ಇರದಿದ್ದರೆ ನಿಮಗೆಲ್ಲ ಸುಖ’ ಎಂಬಂಥ ಮಾತು ಬಂದಿದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೋಗುತ್ತದೆಂಬುದು ತಪ್ಪು ತಿಳಿವಳಿಕೆ. ಕೇಳಿದಾಗ ಹೆಚ್ಚಿನವರಿಗೆ ಎದೆಯ ಭಾರ ಇಳಿಯುತ್ತದೆ. ಅಂಥ ಮಾತು ಬಂದಿದ್ದರೆ ಸೈಕಲ್ ವಿಚಾರ ಆಮೇಲೆ, ಮೊದಲು ಮನೋವೈದ್ಯರು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಅವನು ಹಾಸಿಗೆ ಹುಣ್ಣಾಗುವಷ್ಟು ದಿನ ಮನೆಯಲ್ಲೇ ಬಿದ್ದಿದ್ದನೆಂದರೆ, ಆಪರೇಷನ್ ಆದ ಮೇಲೆ ಸರಿಯಾದ ಪುನರ್ವಸತಿ ತರಬೇತಿ ಅವನಿಗೆ ಸಿಕ್ಕಿಲ್ಲವೆಂದೇ ನನ್ನ ಅನುಮಾನ. ಕೆಲವು ವಾರ ಅಂಥ ಕೇಂದ್ರದಲ್ಲಿ ಇದ್ದು ಬರಲಿ. ಬೆಂಗಳೂರಿನ ಲಿಂಗರಾಜಪುರದಲ್ಲಿ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಇದೆ, ಅಂಗವಿಕಲರಿಗಾಗಿ 1959ರಿಂದ ನಡೆಯುತ್ತಿರುವ ಸಂಸ್ಥೆ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ 1966ರಲ್ಲಿ ಪುನರ್ವಸತಿ ಸಂಸ್ಥೆ ಕಟ್ಟಿದ ಡಾ. ಮೇರಿ ವರ್ಗೀಸ್ ಸ್ವತಃ 1954ರ ಕಾರು ಅಪಘಾತದಲ್ಲಿ ಕಾಲುಗಳ ಶಕ್ತಿ ಕಳೆದುಕೊಂಡು, ವೀಲ್‌ಚೇರ್‌ನಲ್ಲೇ ಕೂತು ಶಸ್ತ್ರಚಿಕಿತ್ಸೆ ಮಾಡಿದವರು. ಇಂಥ ಕಡೆ ಅವನಿಗೆ ಸಿಗುವ ದೊಡ್ಡ ಲಾಭ ಯಂತ್ರಗಳಿಂದಲ್ಲ, ಪಕ್ಕದ ಮಂಚದವರಿಂದ. ವೀಲ್‌ಚೇರ್‌ನಿಂದ ಕಾರಿಗೆ ತಾನೇ ದಾಟುವ, ಕೆಲಸಕ್ಕೆ ಹೋಗುವ, ಮದುವೆಯಾದ ಜನರನ್ನು ಕಣ್ಣಾರೆ ಕಂಡರೆ ನಾನು ಹತ್ತು ಸಲ ಹೇಳಿದ್ದು ಒಂದೇ ಸಲಕ್ಕೆ ತಲೆಗೆ ಹೋಗುತ್ತದೆ.

ಯಾರ ಮಾತು ಕೇಳಲಿ ಎಂದಿರಿ. ತಮ್ಮನ ಪರ ನಿಲ್ಲಿ, ಕರಾರು ಹಾಕಿ. ಎರಡು ತಿಂಗಳು ದಿನಾ ಬೆಳಿಗ್ಗೆ ರಾತ್ರಿ ಚರ್ಮ ನೋಡಿಕೊಂಡು ಒಂದು ಪುಸ್ತಕದಲ್ಲಿ ಬರೆಯಲಿ. ಮೂತ್ರದ ವೇಳೆ ಬರೆಯಲಿ. ಕೈಪೆಡಲ್ ಎಷ್ಟು ನಿಮಿಷ ಸುತ್ತಿದ, ಭುಜ ನೋಯಿತೇ, ಅದನ್ನೂ. ರೇಸರ್‌ಗಳಿಗೆ ಲ್ಯಾಪ್ ಟೈಮ್ ಬರೆದಿಡುವ ಅಭ್ಯಾಸ ಇರುತ್ತದೆ, ಇದು ಅವನಿಗೆ ಹೊಸದಲ್ಲ. ಎಕ್ಸ್‌ರೇ ನೋಡಿದ ವೈದ್ಯರು ಬೆನ್ನು ಬೆಸೆದಿದೆ ಎಂದಮೇಲೆ, ಎರಡು ತಿಂಗಳ ಪುಸ್ತಕ ತುಂಬಿದ ಮೇಲೆ, ಎರವಲು ತಂದ ಹ್ಯಾಂಡ್‌ಬೈಕ್ ಮೇಲೆ ಕೂರಿಸಿ. ಮೊದಲ ದಿನ ಅಮ್ಮನೂ ಬರಲಿ, ಮನೆಯಲ್ಲಿ ಕೂತು ಊಹಿಸಿಕೊಳ್ಳುವುದಕ್ಕಿಂತ ನೋಡುವುದು ಅವರಿಗೆ ಹಗುರ. ಖಾಲಿ ಮೈದಾನ, ನೆರಳಿರುವ ಹೊತ್ತು, ಸೀಟಿಗೆ ಮೆತ್ತೆ, ಕಾಲಿಗೆ ಪಟ್ಟಿ, ತಲೆಗೆ ಹೆಲ್ಮೆಟ್. ಗಡಿಯಾರ ನಿಮ್ಮ ಕೈಯಲ್ಲಿರಲಿ. ‘ಇನ್ನೊಂದು ಸುತ್ತು’ ಎಂದು ಅವನು ಕೇಳುತ್ತಾನೆ. ಹದಿನೈದು ನಿಮಿಷ ಆದ ಕೂಡಲೇ ಇಳಿಸಿ, ಮಗ್ಗುಲಾಗಿ ಮಲಗಿಸಿ, ಕನ್ನಡಿಯನ್ನು ಅವನ ಕೈಗೇ ಕೊಡಿ.